ಕುರಿ ಸೀಮೆಯಲ್ಲಿ ನಮ್ಮ ತೋಟದ ಮನೆಯ ಹುಡುಗಿ

ಕುರಿಗೊಬ್ಬರದ ಲಾರಿ ತೋಟಕ್ಕೆ ಬಂದೊಡನೆ ನಮ್ಮ ಸದಸ್ಯ ಬಾಂಧವರು ಮೊದಲು ನೋಡುವುದು ಅದರಲ್ಲಿ ಮಣ್ಣೆಷ್ಟು ಬೆರೆತಿದೆ ಎಂಬುದನ್ನು, ಆಮೇಲೆ ಚೌಕಾಸಿ. ಆ ಗೊಬ್ಬರ ಕೊಟ್ಟ ಕುರಿಯ ಯೋಗಕ್ಷೇಮವನ್ನು ವಿಚಾರಿಸಿದವರನ್ನು ನಾವಿನ್ನೂ ಕಂಡಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಅಂದರೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದೂ ತಾಲ್ಲೂಕುಗಳು ಬಳ್ಳಾರಿ ತಳಿಯ ಕುರಿಯ ಸೀಮೆ. ಹರಪನಹಳ್ಳಿಯ ಕಡೆ ಕೊಳವೆಬಾವಿಯನ್ನು ನಂಬಿ ಅಡಿಕೆ ಇಟ್ಟವರೂ ಈಗ ಇದ್ದಾರೆ. ಅವರು ತೋಟದಲ್ಲೇ ಮಂದೆ ನಿಲ್ಲಿಸಿಕೊಳ್ಳಬಲ್ಲ ಪುಣ್ಯವಂತರು. ನಮಗೆ ಲಾರಿಯೇ ಗತಿ.

ನಮ್ಮ ಸದಸ್ಯರೊಬ್ಬರ ಮಗಳು ಪಶುವೈದ್ಯಕೀಯ ಓದುತ್ತಿದ್ದಾಳೆ. ಐದೂವರೆ ವರ್ಷದ ಪದವಿ. ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಅದರಲ್ಲಿ ಕೆಲವು ವಾರಗಳನ್ನು ಆಕೆ ಈ ಸೀಮೆಯ ಒಂದು ಪಶು ಆಸ್ಪತ್ರೆಯಲ್ಲಿ ಕಳೆದಳು. ಗೊಬ್ಬರದ ನೆಪದಲ್ಲಿ ಆ ಕಡೆ ಹೋಗಿದ್ದ ನಾವು ಎರಡು ದಿನ ಆಕೆಯ ಕೆಲಸವನ್ನು ನೋಡಿ ಬಂದೆವು.

ಬೆಳಗಿನ ಕೆಲಸ ಆಸ್ಪತ್ರೆಯ ಅಂಗಳದಲ್ಲಿ. ಟ್ರೆವಿಸ್ಸಿಗೆ ಕಟ್ಟಿದ ಎಮ್ಮೆಗೆ ಗಬ್ಬದ ಪರೀಕ್ಷೆ, ಬೆದೆಗೆ ಬಂದ ಹಸುವಿಗೆ ಕೃತಕ ಗರ್ಭಧಾರಣೆ, ಹೊಟ್ಟೆಯುಬ್ಬರದ ಎತ್ತು. ಇವೆಲ್ಲ ಕಾಲೇಜಿನಲ್ಲಿ ಕಲಿತದ್ದೇ. ಕಲಿಯದೆ ಉಳಿದಿದ್ದದ್ದು ಹಟ್ಟಿಯಲ್ಲಿತ್ತು.

ಪಿ.ಪಿ.ಆರ್. ಎಂಬುದು ಆಡು ಕುರಿಗಳ ಮಹಾಮಾರಿ. ಜ್ವರ, ಬಾಯಿಹುಣ್ಣು, ಭೇದಿ. ಮಂದೆಗೆ ಹೊಕ್ಕರೆ ದೊಡ್ಡಿಯನ್ನೇ ಬರಿದು ಮಾಡಬಲ್ಲದು. ಚರ್ಮದಡಿಗೆ ಒಂದು ಮಿಲಿಲೀಟರ್ ಲಸಿಕೆ ಹಾಕಿದರೆ ಸುಮಾರು ಮೂರು ವರ್ಷ ರಕ್ಷಣೆ. 2030ರೊಳಗೆ ಈ ರೋಗವನ್ನು ಭೂಮಿಯ ಮೇಲಿಂದಲೇ ಅಳಿಸಬೇಕೆಂದು ಲೋಕದ ಸಂಸ್ಥೆಗಳು 2015ರಲ್ಲಿ ಗುರಿ ಇಟ್ಟುಕೊಂಡವು. ಗುರಿ ದೊಡ್ಡದು; ಆದರೆ ಲಸಿಕೆ ಐಸ್ ಪೆಟ್ಟಿಗೆಯಲ್ಲಿ ತಣ್ಣಗಿರಬೇಕು, ಕರಗಿಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಮಂದೆಯೋ ಬೆಳಕು ಹರಿದರೆ ಮೇವಿಗೆ ಹೊರಟುಬಿಡುತ್ತದೆ. ಹೀಗಾಗಿ ಡಾಕ್ಟರೂ ಈ ಹುಡುಗಿಯೂ ಕತ್ತಲಿರುವಾಗಲೇ ಹಟ್ಟಿಯ ಬಾಗಿಲಲ್ಲಿ.

"ತಂಗೀ, ಸೂಜಿ ಹಾಕಿದ್ರ ಗಬ್ಬದ ಕುರಿ ಕಂದು ಹಾಕ್ತಾವಂತಲ್ಲ?" ಎಂದು ಒಬ್ಬ ಹಿರಿಯ ಕುರಿಗಾಹಿ ಕೇಳಿದ. ಹುಡುಗಿ ಪುಸ್ತಕದ ಉತ್ತರ ಶುರುಮಾಡಿದಳು. ಡಾಕ್ಟರು ಅವಳನ್ನು ತಡೆದು, "ಯಜಮಾನ್ರೇ, ದಿನ ತುಂಬಿದವು ಎಷ್ಟು ಅದಾವ? ಅವನ್ನ ಬಿಡ್ರಿ, ಈದ ಮೇಲೆ ಮತ್ತ ಬರ್ತೀವಿ" ಎಂದರು. ಲಸಿಕೆಗಿಂತ ಹಿಡಿದೆಳೆಯುವ ರಭಸವೇ ತುಂಬುಗಬ್ಬದ ಕುರಿಗೆ ಹೆಚ್ಚು ಅಪಾಯ ಎಂಬುದನ್ನು ದಾರಿಯಲ್ಲಿ ಹೇಳಿಕೊಟ್ಟರಂತೆ. ಒಂದೇ ಮಾತಿನಲ್ಲಿ ಉಳಿದ ಕುರಿಗಳೆಲ್ಲ ಹೊರಗೆ ಬಂದವು.

ಆ ಯಜಮಾನನ ಇನ್ನೊಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ: "ಬಡಕಲು ಸತ್ರ ಬ್ಯಾನಿ ಅಂತೀವಿ, ಚಲೋ ಮರಿನ ಮೊದಲು ಹೋದ್ರ ಕಣ್ಣು ತಾಗೇತಿ ಅಂತೀವಿ." ಚಲೋ ಮರಿ ಮೊದಲು ಹೋಗುವುದೇ ಕರುಳುಬೇನೆಯ ಲಕ್ಷಣ. ಮೊದಲ ಮಳೆಯ ಎಳೆ ಹುಲ್ಲನ್ನು ಎಲ್ಲರಿಗಿಂತ ಹೆಚ್ಚು ತಿಂದ ಮರಿಯ ಕರುಳಿನಲ್ಲಿ ರೋಗಾಣು ಹೆಚ್ಚಿ ವಿಷ ಉಗುಳುತ್ತದೆ. ಸಂಜೆ ಕುಣಿದಾಡಿದ್ದು ಬೆಳಿಗ್ಗೆ ಇಲ್ಲ. ಮಳೆಗೆ ಮುನ್ನ ವರ್ಷಕ್ಕೊಮ್ಮೆ ಲಸಿಕೆಯಾದರೆ ಕಣ್ಣು ತಾಗುವುದು ಬಹುಮಟ್ಟಿಗೆ ತಪ್ಪೀತು.

ಸತ್ತದ್ದನ್ನು ಕೊಯ್ದು ನೋಡುವುದೂ ಕಲಿಕೆಯೇ. ಮೆತ್ತಗಾದ ಮೂತ್ರಪಿಂಡ ಕಂಡರೆ ಕರುಳುಬೇನೆಯ ಗುಮಾನಿ. ಆದರೆ ಕೊಯ್ಯದಿರುವುದನ್ನೂ ಕಲಿಯಬೇಕು. ಹಠಾತ್ತಾಗಿ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಆಗ ಕಿವಿಯ ರಕ್ತದ ಲೇಪವನ್ನು ಮಾತ್ರ ಗಾಜಿನ ಮೇಲೆ ತೆಗೆದು, ಹೆಣವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಕೊಯ್ದರೆ ಅದರ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಜೀವಂತ. ಮನುಷ್ಯರನ್ನೂ ಬಿಡದು. ಕಂದು ರೋಗವೂ ಹಾಗೆಯೇ. ಬರಿಗೈಯಲ್ಲಿ ಸತ್ತೆ ತೆಗೆಯುವ ನಮ್ಮ ಕೊಟ್ಟಿಗೆಯ ಆಳುಗಳಿಗೆ ಇದನ್ನು ಯಾರು ಹೇಳಿದ್ದಾರೆ?

ಕುರಿ ಎಂದರೆ ಅಲ್ಲಿ ಬ್ಯಾಂಕಿನ ಠೇವಣಿ. ಮದುವೆಗೂ ಅದೇ, ಆಸ್ಪತ್ರೆಯ ಖರ್ಚಿಗೂ ಅದೇ. ಆಕಸ್ಮಿಕವಾಗಿ ಸತ್ತ ಕುರಿಗೆ ರಾಜ್ಯದ ಅನುಗ್ರಹ ಯೋಜನೆಯಲ್ಲಿ ಪರಿಹಾರವುಂಟು, ಆದರೆ ಪಶುವೈದ್ಯರ ಮರಣೋತ್ತರ ಪ್ರಮಾಣಪತ್ರ ಬೇಕು. ಬೇಸಿಗೆಯಲ್ಲಿ ಭತ್ತ ಕೊಯ್ದ ಗದ್ದೆಗಳನ್ನು ಹುಡುಕಿಕೊಂಡು ಊರು ಬಿಟ್ಟು ಹೋದ ಕುರಿಗಾಹಿ ಅಪರಿಚಿತ ತಾಲ್ಲೂಕಿನಲ್ಲಿ ವೈದ್ಯರನ್ನು ಎಲ್ಲಿ ಹುಡುಕಬೇಕು? ಹುಡುಗಿಯ ನೋಟ್ ಪುಸ್ತಕದಲ್ಲಿ ಈ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಿದೆ.

ನಮ್ಮ ಪಾಲಿನದನ್ನು ಹೇಳಿಬಿಡುತ್ತೇವೆ. ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುವವರು ಲಸಿಕೆಯಾಗಿದೆಯೇ ಎಂದು ಕೇಳಿರಿ. ಕಾಯಿಲೆ ಕಂಡರೆ ಪಶು ಸಹಾಯವಾಣಿ 1962ಕ್ಕೆ ನಿಮ್ಮ ಫೋನಿನಿಂದಲೇ ಕರೆ ಮಾಡಿಕೊಡಿರಿ. ಹಸಿ ಗೊಬ್ಬರವನ್ನು ಗುಡ್ಡೆ ಹಾಕಿ ಕಳಿಯಿಸಿದ ಮೇಲೆಯೇ ಗಿಡದ ಬುಡಕ್ಕೆ ಹಾಕಿರಿ.

ಹುಡುಗಿಗೆ ಈಗ ಬೆಂಗಳೂರಿನ ನಾಯಿ-ಬೆಕ್ಕುಗಳ ಕ್ಲಿನಿಕ್ ಒಂದರಿಂದ ಕರೆ ಬಂದಿದೆ. ಸಂಬಳ ಚೆನ್ನಾಗಿದೆ, ತಂದೆಗೂ ಅದೇ ಇಷ್ಟ. ಆಕೆ ಇನ್ನೂ ಉತ್ತರ ಬರೆದಿಲ್ಲ. ಆ ದಿನ ಬಿಟ್ಟುಬಂದ ಗಬ್ಬದ ಕುರಿಗಳು ಈದವೇ, ಅವಕ್ಕೆ ಲಸಿಕೆಯಾಯಿತೇ ಎಂದು ಡಾಕ್ಟರಿಗೆ ಮಾತ್ರ ಎರಡು ಸಲ ಫೋನು ಮಾಡಿದ್ದಾಳೆ.