ಗಾಬರಿ ಹರಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ, ಜಂತುಹುಳು ನಿವಾರಣಾ ದಿನದಂದು ನಾನು ಹಳ್ಳಿಯೊಂದರ ಶಾಲೆಗೆ ಹೋಗಿದ್ದೆ. ಬಿಸಿಯೂಟ ಮುಗಿದ ಮೇಲೆ ಮಕ್ಕಳು ಸಾಲಾಗಿ ಕುಳಿತು ಮಾತ್ರೆ ಅಗಿದು ನುಂಗಿದರು. ಅರ್ಧ ಗಂಟೆ ಕಳೆದಿರಬಹುದು. ಆರನೇ ತರಗತಿಯ ಹುಡುಗಿಯೊಬ್ಬಳು "ಮಿಸ್, ಹೊಟ್ಟೆ ತೊಳೆಸ್ತಿದೆ, ತಲೆ ಸುತ್ತುತ್ತೆ" ಎಂದು ಗೋಡೆಗೆ ಒರಗಿದಳು. ಪಕ್ಕದವಳಿಗೂ ಹಾಗೇ ಅನಿಸಿತು. ಯಾರೋ "ಮಾತ್ರೆ ಕೆಟ್ಟಿದೆಯಂತೆ" ಎಂದರು. ಆಗ ನಾನೊಂದು ತಪ್ಪು ಮಾಡಿದೆ. "ಯಾರ್ಯಾರಿಗೆ ತಲೆ ಸುತ್ತುತ್ತಿದೆ, ಕೈ ಎತ್ತಿ" ಎಂದು ಕೇಳಿಬಿಟ್ಟೆ. ಐದು ಕೈಗಳು ಮೇಲೆದ್ದವು, ನೋಡುತ್ತಿದ್ದಂತೆಯೇ ಹನ್ನೊಂದಾದವು.

ಸುದ್ದಿ ಊರಿಗೆ ಮುಟ್ಟಿತು. ತಾಯಂದಿರು ಅಳುತ್ತಾ ಓಡಿ ಬಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಂದು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಸಂಜೆಯ ಹೊತ್ತಿಗೆ ಎಲ್ಲ ಮಕ್ಕಳೂ ಆಟವಾಡುತ್ತಿದ್ದರು. ಆಮೇಲೆ ಹಾಜರಿ ನೋಡಿದಾಗ ಒಂದು ವಿಷಯ ತಿಳಿಯಿತು. ತಲೆ ಸುತ್ತಿದವರಲ್ಲಿ ಇಬ್ಬರು ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲ! ಹಿಂದಿನ ದಿನ ಜ್ವರವಿದ್ದ ಕಾರಣ ಅವರಿಗೆ ಮಾತ್ರೆ ಕೊಟ್ಟಿರಲಿಲ್ಲ.

ಹಾಗಾದರೆ ಆ ಇಬ್ಬರು ನಾಟಕವಾಡಿದರೇ? ಇಲ್ಲ. ಅವರ ತಲೆ ನಿಜವಾಗಿಯೂ ಸುತ್ತುತ್ತಿತ್ತು. ಇದು ಹೇಗೆ ಸಾಧ್ಯ ಎಂಬುದನ್ನು ತಿಳಿಯೋಣ.

ದೇಹದ ಅಪಾಯದ ಗಂಟೆ

ನೀವು ಹೊಲದ ಬದುವಿನ ಮೇಲೆ ನಡೆಯುತ್ತಿದ್ದೀರಿ. ಕಾಲ ಬಳಿ ಹಾವು ಕಂಡಂತಾಗುತ್ತದೆ. ತಕ್ಷಣ ಹಿಂದಕ್ಕೆ ಹಾರುತ್ತೀರಿ. ಆಮೇಲೆ ನೋಡಿದರೆ ಅದು ಹಗ್ಗ. ಗಮನಿಸಿ: ಹಾರಿದ್ದು ಮೊದಲು, ಯೋಚಿಸಿದ್ದು ಆಮೇಲೆ.

ನಮ್ಮ ಮಿದುಳಿನ ಒಳಭಾಗದಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಗಂಟೆ ಬಾರಿಸುವ ಕಾವಲುಗಾರ ಅದು. ಗಂಟೆ ಬಾರಿಸಿದ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಉಸಿರಾಟ ಜೋರಾಗುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಜೀರ್ಣಕ್ರಿಯೆ ನಿಧಾನವಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಓಡಲು ಇಲ್ಲವೇ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು.

"ಅದು ಹಾವಲ್ಲ, ಹಗ್ಗ" ಎಂದು ಪರಿಶೀಲಿಸಿ ಹೇಳುವುದು ಮಿದುಳಿನ ಹೊರಪದರ. ಅದರ ಕೆಲಸ ಸ್ವಲ್ಪ ನಿಧಾನ. ಆದರೂ ಈ ವ್ಯವಸ್ಥೆ ಒಳ್ಳೆಯದೇ. ಹಗ್ಗವನ್ನು ಹಾವೆಂದು ತಿಳಿದು ಹಾರಿದರೆ ನಷ್ಟವಿಲ್ಲ. ಹಾವನ್ನು ಹಗ್ಗವೆಂದು ತಿಳಿದು ತುಳಿದರೆ ಪ್ರಾಣಕ್ಕೇ ಅಪಾಯ.

ತಲೆ ಸುತ್ತುವುದು ಏಕೆ?

ಗಾಬರಿಯಾದಾಗ ನಾವು ಬೇಗ ಬೇಗ ಉಸಿರಾಡುತ್ತೇವೆ. ಓಡುವುದಿದ್ದರೆ ಅದು ಸರಿ. ಆದರೆ ಕುಳಿತಲ್ಲೇ ಹೀಗೆ ಉಸಿರಾಡಿದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಹೊರಹೋಗುತ್ತದೆ. ಆಗ ಮಿದುಳಿಗೆ ಹೋಗುವ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರವಾದಂತೆ ಅನಿಸಿ ಸುತ್ತುತ್ತದೆ. ಬೆರಳ ತುದಿ ಮತ್ತು ತುಟಿಗಳು ಜುಮ್ಮೆನ್ನುತ್ತವೆ. "ನನಗೇನೋ ಆಗುತ್ತಿದೆ" ಎಂಬ ಭಯ ಇನ್ನೂ ಹೆಚ್ಚುತ್ತದೆ. ಭಯ ಹೆಚ್ಚಿದಂತೆ ಉಸಿರು ಮತ್ತಷ್ಟು ಜೋರಾಗುತ್ತದೆ. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತುವುದು! ಮಾತ್ರೆ ನುಂಗದ ಆ ಇಬ್ಬರು ಮಕ್ಕಳಿಗೂ ಆದದ್ದು ಇದೇ.

ಒಬ್ಬರಿಂದ ಇನ್ನೊಬ್ಬರಿಗೆ

ತರಗತಿಯಲ್ಲಿ ಒಬ್ಬರು ಆಕಳಿಸಿದರೆ ಉಳಿದವರಿಗೂ ಆಕಳಿಕೆ ಬರುತ್ತದಲ್ಲವೇ? ಭಯವೂ ಹಾಗೆಯೇ. ಅದಕ್ಕೆ ರೋಗಾಣು ಬೇಕಿಲ್ಲ, ಕಣ್ಣು ಕಿವಿಗಳಿದ್ದರೆ ಸಾಕು. ಎದುರಿಗಿರುವವರ ಮುಖದಲ್ಲಿ ಹೆದರಿಕೆ ಕಂಡರೆ ನಮ್ಮ ಒಳಗಿನ ಕಾವಲುಗಾರನೂ ಗಂಟೆ ಬಾರಿಸುತ್ತಾನೆ.

1962ರ ಜನವರಿಯಲ್ಲಿ, ಇಂದಿನ ಟಾಂಜಾನಿಯಾ ದೇಶದ ಕಶಾಶಾ ಎಂಬ ಹಳ್ಳಿಯ ಬಾಲಕಿಯರ ವಸತಿ ಶಾಲೆಯಲ್ಲಿ ಮೂವರು ಹುಡುಗಿಯರು ತಡೆಯಲಾಗದೆ ನಗಲಾರಂಭಿಸಿದರು. ಅದು ಸಂತೋಷದ ನಗುವಲ್ಲ. ನಡುನಡುವೆ ಅಳು, ಹೆದರಿಕೆ, ಚಡಪಡಿಕೆ ಇದ್ದವು. ಹರಡುತ್ತಾ ಹರಡುತ್ತಾ 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಹೀಗಾಯಿತು. ಮಾರ್ಚ್ 18ರಂದು ಶಾಲೆಯನ್ನೇ ಮುಚ್ಚಬೇಕಾಯಿತು. ಹುಡುಗಿಯರು ತಮ್ಮ ಊರುಗಳಿಗೆ ಹೋದ ಮೇಲೆ ಅಲ್ಲಿಯೂ ಕೆಲವರಿಗೆ ಇದೇ ತೊಂದರೆ ಕಾಣಿಸಿಕೊಂಡಿತು. ಪರೀಕ್ಷಿಸಿದ ವೈದ್ಯರಿಗೆ ವಿಷವಾಗಲಿ ರೋಗಾಣುವಾಗಲಿ ಸಿಗಲಿಲ್ಲ. ಇಂಥ ಘಟನೆಗಳನ್ನು ವಿಜ್ಞಾನಿಗಳು ಸಾಮೂಹಿಕ ಮನೋಜನ್ಯ ತೊಂದರೆ ಎನ್ನುತ್ತಾರೆ.

ಊರಿಗೆ ಊರೇ ಹೆದರಿದಾಗ

ಗಾಬರಿ ಶಾಲೆಯ ಗೋಡೆಯೊಳಗೇ ಉಳಿಯಬೇಕೆಂದಿಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಅದಕ್ಕೂ ಮೊದಲು ಅಸ್ಸಾಮಿನಲ್ಲಿ ಹಿಂಸಾಚಾರ ನಡೆದಿದ್ದರಿಂದ ಅವರ ಮನಸ್ಸಿನಲ್ಲಿ ಅಳುಕು ಇದ್ದೇ ಇತ್ತು. ಸಾವಿರಾರು ಜನ ಕೆಲಸ, ಓದು ಬಿಟ್ಟು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಂದೇ ಬಾರಿಗೆ ಬಹಳ ಜನರಿಗೆ ಸಂದೇಶ ಕಳಿಸುವುದನ್ನು ಕೇಂದ್ರ ಸರ್ಕಾರ 15 ದಿನ ನಿರ್ಬಂಧಿಸಿತು.

ಇಲ್ಲಿ ನಡೆದದ್ದೂ ದೇಹದಲ್ಲಿ ನಡೆಯುವುದೇ ಅಲ್ಲವೇ? ಗಂಟೆ ಮೊದಲು ಬಾರಿಸಿತು, ಪರಿಶೀಲನೆ ತಡವಾಗಿ ಬಂತು. ಗಾಬರಿಗೊಂಡ ಸಮಾಜ ಓಡುವುದಷ್ಟೇ ಅಲ್ಲ, ಹೋರಾಡಲೂಬಹುದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳನ್ನು ನಂಬಿದ ಗುಂಪುಗಳು ನಮ್ಮ ರಾಜ್ಯವೂ ಸೇರಿದಂತೆ ದೇಶದ ಹಲವೆಡೆ ಅಮಾಯಕರನ್ನು ಹೊಡೆದು ಕೊಂದವು.

ಹಾಗಾದರೆ ಭಯವೇ ಬೇಡವೇ?

ಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ಸತ್ತರು. ಆದ್ದರಿಂದ ಮಗು "ಹೊಟ್ಟೆ ನೋವು" ಎಂದಾಗ "ಸುಮ್ಮನೆ ಕೂತ್ಕೋ" ಎಂದು ಗದರುವಂತಿಲ್ಲ. ಕಾರಣ ಗಾಬರಿಯೋ ವಿಷವೋ ಎಂದು ನಿರ್ಧರಿಸಬೇಕಾದವರು ವೈದ್ಯರೇ ಹೊರತು ನಾವಲ್ಲ. ಭಯವನ್ನು ಪರೀಕ್ಷಿಸಬೇಕು, ಹಂಚಬಾರದು.

ಆ ಶಾಲೆಯಲ್ಲಿ ಆದ ನಿಜವಾದ ನಷ್ಟ ಆಮೇಲೆ ತಿಳಿಯಿತು. ಮುಂದಿನ ಸುತ್ತಿನ ದಿನ ಅನೇಕ ಪೋಷಕರು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಹೊಟ್ಟೆಯಲ್ಲಿ ಹುಳುಗಳಿರುವ ಮಗು ಉಂಡ ಅನ್ನದ ಸಾರವನ್ನು ಹುಳುಗಳ ಜೊತೆ ಹಂಚಿಕೊಳ್ಳುತ್ತದೆ. ಕೊಕ್ಕೆಹುಳುವಿದ್ದರೆ ರಕ್ತವನ್ನೂ ಕಳೆದುಕೊಳ್ಳುತ್ತದೆ. ಒಂದು ಮಧ್ಯಾಹ್ನದ ಗಾಬರಿಯಿಂದ ಆ ಮಕ್ಕಳಿಗೆ ಔಷಧ ತಪ್ಪಿತು. ಆಶಾ ಕಾರ್ಯಕರ್ತೆ ಮತ್ತು ಮುಖ್ಯ ಶಿಕ್ಷಕಿ ಮನೆಮನೆಗೆ ಹೋಗಿ ವಿವರಿಸಿ, ತಾವೇ ಎಲ್ಲರೆದುರು ಮಾತ್ರೆ ನುಂಗಿದ ಮೇಲೆ ನಂಬಿಕೆ ಮರಳಿತು.

ಶಿಕ್ಷಕರು ಗಮನಿಸಬೇಕಾದ ಅಂಶಗಳು

* ತೊಂದರೆಯಾದ ಮಗುವನ್ನು ಗುಂಪಿನಿಂದ ದೂರ, ಗಾಳಿಯಾಡುವ ಜಾಗದಲ್ಲಿ ಮಲಗಿಸಿ. ಆರೋಗ್ಯ ಕೇಂದ್ರಕ್ಕೆ ಅಥವಾ 108ಕ್ಕೆ ಕರೆ ಮಾಡಿ.
* ಉಳಿದ ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ದು ಕಥೆ, ಲೆಕ್ಕ ಏನಾದರೂ ಮಾಡಿಸಿ. ಅವರ ಮೇಲೆ ಕಣ್ಣಿರಲಿ. ನನ್ನಂತೆ ಕೈ ಎತ್ತಿಸಬೇಡಿ.
* ಮೆಲುದನಿಯಲ್ಲಿ ಮಾತನಾಡಿ. ಮಕ್ಕಳು ಮೊದಲು ಓದುವುದು ನಿಮ್ಮ ಮುಖವನ್ನು.
* ಜಂತುಹುಳು ಮಾತ್ರೆಯಿಂದ ಕೆಲವರಿಗೆ ಸ್ವಲ್ಪ ಹೊತ್ತು ವಾಕರಿಕೆ, ಹೊಟ್ಟೆನೋವು ಬರಬಹುದೆಂದು ಮೊದಲೇ ಮಕ್ಕಳಿಗೂ ಪೋಷಕರಿಗೂ ತಿಳಿಸಿ.
* ಮಗುವೊಂದು ವಾರಗಟ್ಟಲೆ ನಿದ್ದೆ, ಊಟ ಬಿಟ್ಟು ಶಾಲೆಗೆ ಬರಲು ಅಂಜುತ್ತಿದ್ದರೆ ಅದು ಸೋಮಾರಿತನವಲ್ಲ, ಆತಂಕವಿರಬಹುದು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಮಾಡಿ ನೋಡಿ

ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷದ ನಾಡಿ ಬಡಿತ ಎಣಿಸಿ ಬರೆದುಕೊಳ್ಳಿ. ಮೈದಾನದಲ್ಲಿ ಒಂದು ಸುತ್ತು ಓಡಿ ಬಂದು ಮತ್ತೆ ಎಣಿಸಿ. ಈಗ ಕುಳಿತು, ನಾಲ್ಕು ಎಣಿಸುವವರೆಗೆ ಉಸಿರು ಒಳಗೆಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಎರಡು ನಿಮಿಷ ಹೀಗೆ ಮಾಡಿ ಮೂರನೇ ಬಾರಿ ಎಣಿಸಿ. ಮೂರೂ ಸಂಖ್ಯೆಗಳನ್ನು ಹೋಲಿಸಿ. ಎದೆ ಬಡಿತಕ್ಕೆ ನಾವು ಆಜ್ಞೆ ಮಾಡಲಾರೆವು, ಆದರೆ ಉಸಿರಾಟ ನಮ್ಮ ಕೈಯಲ್ಲಿದೆ. ಮುಂದಿನ ಸಲ ಪರೀಕ್ಷೆಯ ದಿನ ಎದೆ ಢವಢವ ಎಂದರೆ ಇದನ್ನು ನೆನಪಿಸಿಕೊಳ್ಳಿ.