ತಲೆಗೊಂದು ಎಕರೆ: ಬೈಲಕುಪ್ಪೆಯ ಲೆಕ್ಕ, ಹಾಡಿಗಳ ಬಾಕಿ

1960ರ ಡಿಸೆಂಬರ್‌ನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದಿಳಿದ ಟಿಬೆಟನ್ನರ ಮೊದಲ ತಂಡದಲ್ಲಿ 666 ಮಂದಿ ಇದ್ದರು. 1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆಯನ್ನು ಚೀನಾ ಸೇನೆ ಹತ್ತಿಕ್ಕಿದ ಮೇಲೆ ದಲೈ ಲಾಮಾ ಅವರ ಹಿಂದೆಯೇ ಸುಮಾರು 80,000 ಮಂದಿ ದೇಶ ಬಿಟ್ಟಿದ್ದರು. ಅಸ್ಸಾಂನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಸೆಕೆ, ಕಾಯಿಲೆ. ಅಲ್ಲಿಂದ ಹೊರಬಿದ್ದರೆ ಹಿಮಾಲಯದಲ್ಲಿ ರಸ್ತೆ ಕಡಿಯುವ ಕೂಲಿ. ನೆಹರೂ ರಾಜ್ಯಗಳ ಬಳಿ ಜಾಗ ಕೇಳಿದಾಗ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟಿತು. ತಲೆಗೊಂದು ಎಕರೆಯ ಲೆಕ್ಕ.

ಆ ಲೆಕ್ಕ ಎಷ್ಟು ದೊಡ್ಡದೆಂದು ತಿಳಿಯಲು ಅದನ್ನು ಶಿಬಿರದ ಲೆಕ್ಕದ ಪಕ್ಕದಲ್ಲಿಡಬೇಕು. ಪರಿಹಾರ ಸಂಸ್ಥೆಗಳು ಇಂದು ಪಾಲಿಸುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ಸೂರಿನಡಿ ಕನಿಷ್ಠ 3.5 ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ ಬೇಕು. ದಾರಿ, ಅಡುಗೆ ಜಾಗ ಎಲ್ಲ ಸೇರಿ ತಲೆಗೆ 45 ಚದರ ಮೀಟರ್, ಅಂದರೆ ಅರ್ಧ ಗುಂಟೆಗೂ ಕಡಿಮೆ. 666 ಜನಕ್ಕೆ ಇದನ್ನು ಗುಣಿಸಿದರೆ ದಿನಕ್ಕೆ 9,990 ಲೀಟರ್ ನೀರು, 34 ಶೌಚಾಲಯ, 7 ಎಕರೆ 16 ಗುಂಟೆ ನೆಲ. ಬೈಲಕುಪ್ಪೆಯ ಲೆಕ್ಕದಲ್ಲಿ ಅದೇ ಜನಕ್ಕೆ 666 ಎಕರೆ, ಹೆಚ್ಚುಕಡಿಮೆ 90 ಪಟ್ಟು. ಶಿಬಿರದ ನೆಲ ಮಲಗುವುದಕ್ಕೆ ಸಾಕು, ಉಳುವುದಕ್ಕೆ ಸಾಲದು.

ಊಟದ ಲೆಕ್ಕದಲ್ಲೂ ಈ ಅಂತರ ಕಾಣುತ್ತದೆ. ತಲೆಗೆ ದಿನಕ್ಕೆ 400 ಗ್ರಾಂ ಕಾಳು ಎಂದರೆ ವರ್ಷಕ್ಕೆ 146 ಕಿಲೊ. 666 ಮಂದಿಗೆ 972 ಕ್ವಿಂಟಲ್. ಮುಸುಕಿನ ಜೋಳಕ್ಕೆ 2024-25ರಲ್ಲಿದ್ದ 2,225 ರೂಪಾಯಿ ಬೆಂಬಲ ಬೆಲೆಯಲ್ಲಿ ಇದಕ್ಕೆ 21.6 ಲಕ್ಷ ರೂಪಾಯಿ. ಬೇಳೆ, ಎಣ್ಣೆ, ಸೌದೆ ಬೇರೆ. ನೆಲವಿಲ್ಲದ ಶಿಬಿರಕ್ಕೆ ಈ ಖರ್ಚು ಪ್ರತಿ ವರ್ಷವೂ ತಪ್ಪದು. ಮಳೆ ನಂಬಿದ ಎಕರೆಗೆ ಹತ್ತೇ ಕ್ವಿಂಟಲ್ ಎಂದುಕೊಂಡರೂ ನೂರು ಎಕರೆಯೊಳಗೆ ಆ ಕಾಳು ಬೆಳೆಯುತ್ತದೆ. ಮಿಕ್ಕ ನೆಲದ ಬೆಳೆ ಮಾರಾಟಕ್ಕೆ.

ಆ ನೆಲ ಸುಮ್ಮನೆ ಕೈಗೆ ಬರಲಿಲ್ಲ. ಡೇರೆ, ಬಿದಿರಿನ ಗುಡಿಸಲಲ್ಲಿದ್ದುಕೊಂಡೇ ಕಾಡು ಕಡಿದು, ಬೇರು ಕಿತ್ತು, ಸುಟ್ಟು ಹದ ಮಾಡಬೇಕಿತ್ತು. ರಾತ್ರಿ ಆನೆ ಗುಡಿಸಲಿಗೇ ನುಗ್ಗುತ್ತಿತ್ತು. ಚಳಿಗಾಡಿನಲ್ಲಿ ಬಾರ್ಲಿ ಬೆಳೆದವರು, ಯಾಕ್ ಮೇಯಿಸಿದವರು ಇಲ್ಲಿ ಮುಸುಕಿನ ಜೋಳ ಕಲಿತರು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಮೊದಲ ಕೆಲಸವೇ ರಾಜ್ಯದ ಸುಮಾರು 15,000 ಟಿಬೆಟನ್ನರ ಪುನರ್ವಸತಿ. 1969ರಲ್ಲಿ ಬೈಲಕುಪ್ಪೆಯಲ್ಲಿ ಎರಡನೇ ನೆಲೆ, 1972ರ ಹೊತ್ತಿಗೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು. ಮುಂಡಗೋಡು, ಒಡೆಯರಪಾಳ್ಯ ಸೇರಿ ರಾಜ್ಯದಲ್ಲಿ ಒಟ್ಟು ಐದು.

ಆದರೆ ಮಕ್ಕಳು ಮೊಮ್ಮಕ್ಕಳಾದರೂ ಎಕರೆ ಹೆಚ್ಚಲಿಲ್ಲ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಅದಕ್ಕೇ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ ನೆಲಕ್ಕೆ 20 ವರ್ಷದ ಗುತ್ತಿಗೆ ಹೇಳುತ್ತದೆ. ಆರು ದಶಕ ಉತ್ತವರಿಗೆ ಅದು ಚಿಕ್ಕ ಅವಧಿ ಎಂದೇ ನನ್ನ ಅಭಿಪ್ರಾಯ.

ಹುಣಸೂರು ತಾಲ್ಲೂಕಿನ ಹನಗೋಡಿನ ಕಡೆಯವರು ಈ ಲೆಕ್ಕ ಓದುವಾಗ ನಾಗರಹೊಳೆ ಕಾಡಿನ ಆದಿವಾಸಿ ಹಾಡಿಗಳು ನೆನಪಾಗದೆ ಇರವು. ಅಲ್ಲಿಂದ ಜೇನುಕುರುಬರನ್ನೂ ಇತರರನ್ನೂ ಹೊರತಂದದ್ದು ಯುದ್ಧವಲ್ಲ, ಅರಣ್ಯ ಸಂರಕ್ಷಣೆ. ಮನೆ ಬಿಟ್ಟವರ ಪಾಲಿಗೆ ನಷ್ಟ ಅದೇ. ಹುಲಿ ಯೋಜನೆಯ ಪರಿಹಾರ ಮೊದಲು ಕುಟುಂಬಕ್ಕೆ 1 ಲಕ್ಷ ರೂಪಾಯಿ ಇತ್ತು, 2008ರಲ್ಲಿ 10 ಲಕ್ಷ, 2021ರಲ್ಲಿ 15 ಲಕ್ಷವಾಯಿತು. ಹೈಕೋರ್ಟ್ ಆದೇಶದಂತೆ ರಚನೆಯಾದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಪುನರ್ವಸತಿ ಆಗಬೇಕಾದ ಆದಿವಾಸಿ ಕುಟುಂಬಗಳ ಸಂಖ್ಯೆ 3,418.

ಕುಟುಂಬಕ್ಕೆ ಐವರಂತೆ, ಬೈಲಕುಪ್ಪೆಯ ಅಳತೆಯಲ್ಲೇ ತಲೆಗೊಂದು ಎಕರೆ ಎಂದರೆ 17,090 ಎಕರೆ. ಗ್ರಾಮೀಣ ವಸತಿ ಯೋಜನೆಯ 1.2 ಲಕ್ಷದ ದರದಲ್ಲಿ ಮನೆಗಳಿಗೆ ಸುಮಾರು 41 ಕೋಟಿ ರೂಪಾಯಿ. ದೂರದಿಂದ ಬಂದವರಿಗೆ ಇದೇ ಜಿಲ್ಲೆಯಲ್ಲಿ ನೆಲ ಅಳೆದುಕೊಟ್ಟ ಸರ್ಕಾರ ಇಲ್ಲೇ ಹುಟ್ಟಿದವರಿಗೂ ಅದೇ ಸರಪಳಿ ಹಿಡಿದು ಅಳೆದುಕೊಡಬೇಕು.