ಮೂವತ್ತಾರು ತಿರುವಿಗೆ ಮೊದಲ ಕಾರು

ಮಗನಿಗೋ ಮಗಳಿಗೋ ಹದಿನೆಂಟು ತುಂಬಿ, ಮನೆಯಲ್ಲಿ ಕಾರಿನ ಮಾತು ಎದ್ದಾಗ ಹಿರಿಯರು ಹೇಳುವುದು ಸಾಮಾನ್ಯವಾಗಿ ಒಂದೇ: ‘ಕಲಿಯೋಕೆ ಹಳೇ ಗಾಡಿ ಸಾಕು. ಕೈ ಕೂತ ಮೇಲೆ ಹೊಸದು ನೋಡೋಣ.’ ಗುಂಡ್ಲುಪೇಟೆಯ ಬಯಲಿನಲ್ಲೋ ಮೈಸೂರಿನ ರಿಂಗ್ ರಸ್ತೆಯಲ್ಲೋ ಈ ಲೆಕ್ಕ ಹೇಗೋ ನಡೆದೀತು. ನೀಲಗಿರಿಯಲ್ಲಿ ಇದು ತಲೆಕೆಳಗಾದ ಲೆಕ್ಕ. ಮನೆಯಲ್ಲಿ ಅತಿ ಕಡಿಮೆ ಅನುಭವ ಇರುವವರ ಕೈಗೆ ಅತಿ ಸವೆದ ಬ್ರೇಕಿನ ಗಾಡಿ ಕೊಟ್ಟು ಘಾಟಿ ಇಳಿಯಲು ಕಳಿಸಿದಂತೆ.

ಊಟಿಯಿಂದ ತಲಕುಂದ ದಾಟಿ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಮಸಿನಗುಡಿ ಹೆಚ್ಚುಕಮ್ಮಿ ಸಾವಿರ ಮೀಟರಿನಲ್ಲಿ. ಒಂದು ಟನ್ ತೂಗುವ ಕಾರು ಈ 1,200 ಮೀಟರ್ ಇಳಿಯುವಾಗ ಹೊರಬೀಳುವ ಶಕ್ತಿಯಲ್ಲಿ ಮೂವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದು, ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಮೂರು, ನಾಲ್ಕರಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ ಹೊರೆಯೆಲ್ಲ ಪ್ಯಾಡು, ಡಿಸ್ಕು, ಡ್ರಮ್ಮುಗಳ ಮೇಲೆ. ಪ್ಯಾಡು ಕಾದು ಹಿಡಿತ ಬಿಡುತ್ತದೆ. ವರ್ಷಗಟ್ಟಲೆ ಬದಲಿಸದ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ; ಅದು ಕುದಿದು ಗುಳ್ಳೆ ಎದ್ದರೆ ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಪೆಟ್ರೋಲ್ ಉಳಿಸುವ ಹೆಸರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ, ಕೆಲವರು ಎಂಜಿನ್ನನ್ನೂ ಆರಿಸಿ ಇಳಿಯುತ್ತಾರೆ. ಆಗ ಪವರ್ ಸ್ಟೀರಿಂಗೂ ಇಲ್ಲ, ಬ್ರೇಕಿಗೆ ಬಲ ಕೊಡುವ ಬೂಸ್ಟರೂ ಇಲ್ಲ. ಆ ಉಳಿತಾಯವನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

2018ರ ಅಕ್ಟೋಬರಿನಲ್ಲಿ ಚೆನ್ನೈ ಪ್ರವಾಸಿಗರ ಕಾರೊಂದು ಈ ಘಾಟಿಯಲ್ಲಿ ಕಂದಕಕ್ಕೆ ಬಿತ್ತು. ಅದು ಬಿದ್ದಿರುವುದು ಗೊತ್ತಾಗಲು ಎರಡು ದಿನ ಹಿಡಿಯಿತು. ಐವರು ಸತ್ತಿದ್ದರು, ಇಬ್ಬರು ಜೀವಂತ ಸಿಕ್ಕರು. ಅದಾದ ಮೇಲೆ ಹೊರಗಿನ ವಾಹನಗಳು ಊಟಿಯಿಂದ ಈ ದಾರಿಯಲ್ಲಿ ಇಳಿಯುವುದನ್ನು ಜಿಲ್ಲಾಡಳಿತ ನಿಲ್ಲಿಸಿತು, ಹತ್ತಬಹುದು, ಇಳಿಯುವಂತಿಲ್ಲ. ಇಳಿಯಲು ಬಿಡುವುದು ಟಿಎನ್-43 ನೋಂದಣಿಯ ಸ್ಥಳೀಯ ಗಾಡಿಗಳನ್ನು. ಸರಿಯಾದ ನಿಯಮವೇ. ಆದರೆ ಅದರಲ್ಲೊಂದು ಸಂದಿ ಇದೆ. ತಪಾಸಣೆಯಲ್ಲಿ ಕಾಣುವುದು ನಂಬರ್ ಪ್ಲೇಟು, ಅನುಭವವಲ್ಲ. ಮೊನ್ನೆ ಲೈಸೆನ್ಸ್ ಕೈಗೆ ಬಂದ ಹುಡುಗಿಯ ಟಿಎನ್-43 ಕಾರು ಸಲೀಸಾಗಿ ಇಳಿಯುತ್ತದೆ. ಇಪ್ಪತ್ತು ವರ್ಷ ಚಾರ್ಮಾಡಿ, ಆಗುಂಬೆ ಓಡಿಸಿದ ಕರ್ನಾಟಕದ ಚಾಲಕ ಗೂಡಲೂರು ಸುತ್ತಿಕೊಂಡು ಹೋಗುತ್ತಾನೆ.

ವಯಸ್ಸಿನ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಟೀ ತೋಟದ ಒಳದಾರಿಯಲ್ಲಿ ಜೀಪು ಓಡಿಸಿ ಕೈ ಪಳಗಿದ ಹದಿನಾರರ ಹುಡುಗರು ಬೆಟ್ಟದ ಊರುಗಳಲ್ಲಿ ಅಪರೂಪವಲ್ಲ. ಹೆತ್ತವರಿಗೆ ಅದೊಂದು ಹೆಮ್ಮೆ ಕೂಡ. ಕಾನೂನು ಕಾರಿಗೆ ಹದಿನೆಂಟು ಎನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದರವರೆಗೆ ಲೈಸೆನ್ಸೂ ಇಲ್ಲ.

ಇನ್ನು ಕಾರು. ಗೂಡಲೂರು, ಮಸಿನಗುಡಿಯ ಕನ್ನಡ ಮಾತಿನ ಮನೆಗಳಿಗೆ ಮೈಸೂರು, ಗುಂಡ್ಲುಪೇಟೆ ನೆಂಟರ ಊರು. ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಲು ಹೊರಟರೂ ಕಾಲು ಮೊದಲು ಅತ್ತಲೇ ಎಳೆಯುತ್ತದೆ. ಅಲ್ಲಿ ಕೈಗೆಟುಕುವ ಬೆಲೆಯಲ್ಲಿ ಸಿಗುವುದು ಹತ್ತು ಹನ್ನೆರಡು ವರ್ಷ ಹಳೆಯ ಸಣ್ಣ ಕಾರುಗಳು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿದ ಫಲಿತಾಂಶ ಹೊರಬಿತ್ತು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಅವುಗಳ ಆರಂಭಿಕ ಮಾದರಿಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. ‘ಕಲಿಯೋಕೆ ಸಾಕು’ ಎಂದು ಮಕ್ಕಳ ಕೈಗೆ ಇಂದು ಹೋಗುತ್ತಿರುವುದು ಬಹುಮಟ್ಟಿಗೆ ಆ ತಲೆಮಾರಿನ ಗಾಡಿಗಳೇ.

ಹಾಗಾದರೆ ಯಾವ ವರ್ಷದ ಗಾಡಿ? ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಅದೇ ವರ್ಷ ಜುಲೈಯಿಂದ ಚಾಲಕನ ಏರ್‌ಬ್ಯಾಗು, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ ಬಂದವು. ಮುಂದಿನ ಪಕ್ಕದ ಸೀಟಿನ ಏರ್‌ಬ್ಯಾಗು ಎಲ್ಲ ಮಾದರಿಗೂ ತಲುಪುವ ಹೊತ್ತಿಗೆ 2021 ಮುಗಿದಿತ್ತು. ಆದ್ದರಿಂದ ಹಳೆಯದೇ ಕೊಳ್ಳುವುದಾದರೆ 2022ರ ಈಚಿನದು ನೋಡಿ ಎನ್ನುವುದು ನನ್ನ ಪಕ್ಷ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 18ಕ್ಕೆ ಇಳಿದ ಮೇಲೆ ಹಳೆಯದರ, ಹೊಸದರ ಬೆಲೆಯ ಅಂತರವೂ ಒಂದಿಷ್ಟು ತಗ್ಗಿದೆ. ನಕ್ಷತ್ರಗಳನ್ನು ನೋಡಿ, ಆದರೆ ಅವನ್ನೇ ನಂಬಿ ಕೂರಬೇಡಿ. ಎದುರಿನಿಂದ ಗುದ್ದಿಸುವ ಪರೀಕ್ಷೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆಯುತ್ತದೆ, ಇನ್ನೂರು ಅಡಿ ಕಂದಕಕ್ಕೆ ಯಾವ ಸಂಸ್ಥೆಯೂ ಕಾರನ್ನು ಉರುಳಿಸಿ ನೋಡುವುದಿಲ್ಲ. ಐದು ನಕ್ಷತ್ರಕ್ಕಿಂತ ನಾಲ್ಕು ಒಳ್ಳೆಯ ಟೈರು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವ ದಿನಗಳೇ ಜಾಸ್ತಿ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಮೇಲಿನ ಗೆರೆ ಚೆನ್ನಾಗಿ ಕಂಡರೂ ಆರೇಳು ವರ್ಷದ ಟೈರು ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಜೂನ್ ಜುಲೈಯ ಗೂಡಲೂರನ್ನು ಕಂಡವರಿಗೆ ಮಳೆ ಎಂದರೇನೆಂದು ವಿವರಿಸಬೇಕಿಲ್ಲ.

ಮೈಸೂರಿನ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿ ಕಾರು ಒಪ್ಪಬೇಡಿ. ಒಂದು ಏರಿಗೆ ಒಯ್ಯಿರಿ. ನಾಲ್ವರನ್ನು ಕೂರಿಸಿ, ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಿಡಿಯುತ್ತದೋ ನೋಡಿ. ಎತ್ತುವಾಗ ಎಂಜಿನ್ ಕೂಗಿದಷ್ಟು ಗಾಡಿ ಮುಂದೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ ಕ್ಲಚ್ ಮುಗಿದಿದೆ ಎಂದೇ ಅರ್ಥ. ಊಟಿಯ ಎತ್ತರದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ತನ್ನ ಬಲದ ಐದರಲ್ಲೊಂದು ಪಾಲನ್ನು ಅಲ್ಲಿ ಕಳೆದುಕೊಳ್ಳುತ್ತದೆ. 800 ಸಿಸಿಯ ಕಾರು ನಾಲ್ವರನ್ನು ಹೊತ್ತು ಕಲ್ಹಟ್ಟಿ ಹತ್ತುವಾಗ ಏದುಸಿರು ಬಿಡುವುದಕ್ಕೆ ಇದೂ ಒಂದು ಕಾರಣ. 1200 ಸಿಸಿ ಇದ್ದರೆ ಸಾಕು. ಹದಿನೆಂಟರ ಕೈಗೆ ದೊಡ್ಡ ಟರ್ಬೊ ಎಸ್‌ಯುವಿ ಬೇಡ. ತೂಕ ಹೆಚ್ಚಿದಷ್ಟೂ ಇಳಿಜಾರಿನಲ್ಲಿ ತಡೆಯಬೇಕಾದ್ದೂ ಹೆಚ್ಚು.

ಆಟೊಮ್ಯಾಟಿಕ್ ಆದೀತೆ? ಆದೀತು, ಏರಿನಲ್ಲಿ ಹಿಂದಕ್ಕೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ‘ಡಿ’ಯಲ್ಲೇ ಬಿಟ್ಟು ಇಳಿಯುವುದು ಮಾತ್ರ ಕೂಡದು. ಕೈಯಾರೆ ಕೆಳಗಿನ ಗೇರಿಗೆ ಹಾಕುವುದನ್ನು ಕಲಿಸದ ಡ್ರೈವಿಂಗ್ ಸ್ಕೂಲು ಬೆಟ್ಟಕ್ಕೆ ಪ್ರಯೋಜನವಿಲ್ಲ. ಎಲೆಕ್ಟ್ರಿಕ್ ಕಾರು ಇಳಿಯುವಾಗ ಮೋಟಾರಿನಿಂದಲೇ ತಡೆದು ಬ್ಯಾಟರಿ ತುಂಬಿಸಿಕೊಳ್ಳುತ್ತದೆ, ಘಾಟಿಗೆ ಹೇಳಿ ಮಾಡಿಸಿದ ಗುಣ. ಆದರೆ ಊಟಿಯ ಮನೆಯಲ್ಲಿ ರಾತ್ರಿಯೆಲ್ಲ ಶೇಕಡ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಇಳಿದರೆ ತುಂಬಲು ಜಾಗವೇ ಇರುವುದಿಲ್ಲ, ಆ ತಡೆ ಕುಗ್ಗುತ್ತದೆ. ಎಂಬತ್ತಕ್ಕೆ ನಿಲ್ಲಿಸಿ ಹೊರಡಬೇಕು.

ಕರ್ನಾಟಕದ ನೋಂದಣಿಯ ಗಾಡಿ ತಂದರೆ ಎನ್‌ಒಸಿ ಪಡೆದು ಹನ್ನೆರಡು ತಿಂಗಳೊಳಗೆ ಇಲ್ಲಿನ ನಂಬರ್ ಮಾಡಿಸಬೇಕು, ತಮಿಳುನಾಡಿನ ತೆರಿಗೆ ಕಟ್ಟಬೇಕು. ಆ ಖರ್ಚನ್ನು ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ.

ಕಾಡಿನ ದಾರಿಗೂ ಬೇರೆಯೇ ಕಲಿಕೆ ಬೇಕು. ಬಂಡೀಪುರ, ಮುದುಮಲೆಯ ಹೆದ್ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಹೊಸ ಚಾಲಕರ ಹೆತ್ತವರ ಮಟ್ಟಿಗೆ ಅದೊಂದು ಉಪಕಾರವೇ. ಆದರೆ ತೆಪ್ಪಕಾಡಿನಿಂದ ಮಸಿನಗುಡಿಗೆ ಹೋಗುವಾಗ ಆನೆ ಹಗಲಲ್ಲೇ ರಸ್ತೆಗೆ ಬಂದು ನಿಲ್ಲುತ್ತದೆ. ಹಾರನ್ ಹೊಡೆಯದೆ, ಎಂಜಿನ್ ಆರಿಸದೆ, ಕಿರಿದಾದ ರಸ್ತೆಯಲ್ಲಿ ನೂರು ಅಡಿ ನೆಟ್ಟಗೆ ಹಿಂದಕ್ಕೆ ಬರಲು ಕೈ ಪಳಗಿರಬೇಕು. ಹಿಂದಿನ ಗಾಜು ದೊಡ್ಡದಾಗಿ ಚೆನ್ನಾಗಿ ಕಾಣುವ ಕಾರನ್ನೇ ಆರಿಸಿ. ಕ್ಯಾಮೆರಾ ಇದ್ದರೂ ಇಬ್ಬನಿ, ಕೆಸರಿನಲ್ಲಿ ಅದು ಮಂಕಾಗುತ್ತದೆ.

ಕೀಲಿ ಕೊಡುವ ದಿನ ಒಂದು ಷರತ್ತು ಹಾಕಿ. ಹೊರಗಿನವರಿಗೆ ಜಿಲ್ಲಾಡಳಿತ ಹಾಕಿರುವ ನಿಯಮ ಮೊದಲ ವರ್ಷ ಮನೆಯ ಹೊಸ ಚಾಲಕರಿಗೂ ಇರಲಿ: ಕಲ್ಹಟ್ಟಿಯನ್ನು ಹತ್ತಬಹುದು, ಒಬ್ಬರೇ ಇಳಿಯುವಂತಿಲ್ಲ. ಗೂಡಲೂರು ಸುತ್ತಿ ಬಂದರೆ ಮಸಿನಗುಡಿ ಎರಡು ಪಟ್ಟಿಗೂ ಹೆಚ್ಚು ದೂರವಾಗುತ್ತದೆ. ಆ ಪೆಟ್ರೋಲಿನ ದುಡ್ಡನ್ನು ನೀವೇ ಕೊಡಿ.